ಮತ್ತೆ ಎದ್ದ ಮೂಲೆ

ಮೂಲೆ ಮತ್ತೆ ಎದ್ದಿತ್ತು. ಹಿತ್ತಲಿನ ಹೊಸ ಕಲ್ಲುಹಾಸೆಲ್ಲ ಮರ್ಯಾದಸ್ಥನಂತೆ ಮಲಗಿದ್ದರೂ ನಲ್ಲಿಯ ಕಡೆಯ ನಾಲ್ಕು ಕಲ್ಲು ಮಾತ್ರ ಹೆಬ್ಬೆರಳಿನಷ್ಟು ಮೇಲೆ ಬಂದು ನಿಂತಿದ್ದವು. ಮಾವ ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ರಸಮಟ್ಟ ಇಟ್ಟರು. ಅದರೊಳಗಿನ ಗುಳ್ಳೆ ಒಂದು ಬದಿಗೆ ಓಡಿತು.

“ಕಿತ್ತು ಮತ್ತೆ ಹಾಕ್ಬೇಕು, ಅಳಿಯಂದ್ರೇ. ಇನ್ನೊಂದು ವಾರ ಹಿಡಿಯತ್ತೆ.”

ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಅಳಿಯ ಹಲ್ಲು ಕಡಿದ. ಇನ್ನೊಂದು ವಾರವಂತೆ! ಇಂಥ ಎಷ್ಟು ವಾರಗಳನ್ನು ಈ ಮೂಲೆ ನುಂಗಿತ್ತೋ ಲೆಕ್ಕ ತಪ್ಪಿಹೋಗಿತ್ತು.

ತಪ್ಪು ಅವನದೇ. ಹಿತ್ತಲಲ್ಲಿ ಒಂದು ಆರಾಮಕುರ್ಚಿ ಹಾಕಿಕೊಂಡು ತೆಪ್ಪಗೆ ಕೂರಲು ಸ್ವಲ್ಪ ಕಲ್ಲು ಹಾಸಿಸಬೇಕು ಎಂದು ಊಟದ ಹೊತ್ತಿನಲ್ಲಿ ಬಾಯಿ ಬಿಟ್ಟಿದ್ದ. ಹೆಂಡತಿ ಅದನ್ನು ತವರಿಗೆ ಮುಟ್ಟಿಸಿದಳು. ಅತ್ತೆ ಎಂಥ ಉದಾರಿ! ಮರುದಿನವೇ ಗಂಡನನ್ನು ಬಸ್ಸು ಹತ್ತಿಸಿಬಿಟ್ಟರು. ಮಾವ ರಸ್ತೆ ಕೆಲಸದ ಮೇಸ್ತ್ರಿಯಾಗಿ ನಿವೃತ್ತರಾದವರು. “ಕೆಲಸ ಗಟ್ಟಿಯಾಗೋ ತನಕ ಅವ್ರನ್ನ ಅಲ್ಲೇ ಇಟ್ಕೊಳ್ಳಿ, ಅವಸರ ಮಾಡ್ಬೇಡಿ” ಎಂದು ಅತ್ತೆ ಫೋನಿನಲ್ಲಿ ಹೇಳಿದಾಗ ಅಳಿಯನ ಕಣ್ಣು ಒದ್ದೆಯಾಗಿತ್ತು. ಆಗಿನ್ನೂ ಅವನಿಗೆ ಬುದ್ಧಿ ಬಂದಿರಲಿಲ್ಲ.

ಮಾವ ಬಂದವರೇ ಮನೆಯನ್ನೆಲ್ಲ ರಸಮಟ್ಟಕ್ಕೆ ಒಳಪಡಿಸಿದರು. ಟಿವಿ ಎಡಕ್ಕೆ ವಾಲಿತ್ತು. ಊಟದ ಮೇಜು ಬಲಕ್ಕೆ ವಾಲಿತ್ತು. ಮಂಚದ ತಲೆಭಾಗ ತಗ್ಗಾಗಿದ್ದು, ಅಳಿಯ ಆಫೀಸಿನಲ್ಲಿ ಮೇಲೆ ಬಾರದಿರಲು ಅದೇ ಕಾರಣ ಎಂದು ಸಾಬೀತಾಯಿತು. ಆರಾಮಕುರ್ಚಿ ಮಾವನ ಸೊಂಟಕ್ಕೆ ಹಿತ ಎಂದು ಗೊತ್ತಾದ ಮೇಲೆ ಅದಕ್ಕೆ ಬೇರೆ ಯಾರ ಸೊಂಟವೂ ತಾಗಲಿಲ್ಲ. ಬೆಳಕು ಹರಿಯುವ ಮೊದಲೇ ನೆಲ ಕುಟ್ಟುವ ದಿಮ್ಮಸಿನ ಧಡ್ ಧಡ್. ಅನ್ನ ಹೇಗೆ ಅಗಿಯಬೇಕು, ಪೇಪರು ಹೇಗೆ ಮಡಚಬೇಕು, ಬಾಗಿಲು ಹೇಗೆ ಮುಚ್ಚಬೇಕು ಎಂಬ ಪಾಠ ಬೇರೆ. ಹೆಂಡತಿ ಎಲ್ಲವನ್ನೂ ಸಹಿಸಿಕೊಂಡಿದ್ದಳು. ಹೆತ್ತ ಅಪ್ಪನಲ್ಲವೇ ಎಂದುಕೊಂಡ ಅಳಿಯ.

ಕೆಲಸದಲ್ಲಿ ಮಾತ್ರ ಕೊಂಕು ತೆಗೆಯುವಂತಿರಲಿಲ್ಲ. ಮೊಣಕಾಲುದ್ದ ಅಗೆದು, ತಳಕ್ಕೆ ದಪ್ಪ ಬಟ್ಟೆ ಹಾಸಿ, ಜಲ್ಲಿಯನ್ನು ಪದರ ಪದರವಾಗಿ ಸುರಿದು ಕುಟ್ಟಿ, ನೀರು ಗೋಡೆಯ ಕಡೆ ಬಾರದಂತೆ ಇಳಿಜಾರು ಕೊಟ್ಟು ಕಲ್ಲು ಕೂರಿಸಿದ್ದರು. ಜೇಡಿಮಣ್ಣು ಸಿಟ್ಟಿನ ನೆಂಟನಿದ್ದ ಹಾಗೆ, ನೀರು ಕೊಟ್ಟರೆ ಉಬ್ಬುತ್ತಾನೆ, ಕೊಡದಿದ್ದರೆ ಬಿರಿಯುತ್ತಾನೆ ಎಂದು ವಿವರಿಸಿದ್ದರು. ನೆಂಟರ ವಿಷಯದಲ್ಲಿ ಅಳಿಯ ತಲೆದೂಗಿದ್ದ.

ಹಾಗಾದರೆ ಮಳೆಯೇ ಇಲ್ಲದ ಈ ದಿನಗಳಲ್ಲಿ ಒಂದೇ ಮೂಲೆಗೆ ನೀರು ಕೊಡುತ್ತಿದ್ದವರು ಯಾರು? ಜೀವನವಿಡೀ ರಸ್ತೆ ಹಾಸಿದ ಮನುಷ್ಯನಿಗೆ ನಾಲ್ಕು ಕಲ್ಲು ಬಗ್ಗುವುದಿಲ್ಲವೇ? ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಬಿಟ್ಟಿ ಊಟ, ಬಿಟ್ಟಿ ಕುರ್ಚಿ. ಮೂಲೆ ಮಲಗಿದರೆ ಎರಡೂ ಹೋಗುತ್ತವೆ. ಮೇಲಾಗಿ ಎಂಥ ನಟನೆ! ಅವತ್ತು ಊಟಕ್ಕೆ ಕೂತ ಮಾವ ತಮ್ಮ ಅಂಗೈಯನ್ನೇ ನೋಡುತ್ತ, “ನನ್ನ ಕೈ ಹೋಯ್ತು ಕಣಮ್ಮಾ” ಎಂದು ಅರ್ಧಕ್ಕೇ ಎದ್ದರು. ಮಗಳು ತಲೆಯೆತ್ತದೆ ತಟ್ಟೆ ತೆಗೆದಳು. ನಾಟಕದ ಕಂಪನಿಯಲ್ಲಿರಬೇಕಾದವರು ರಸ್ತೆ ಹಾಕಿ ಹಾಳಾದರಲ್ಲ ಎಂದು ಅಳಿಯ ಮರುಗಿದ.

ಅತ್ತೆಯನ್ನು ನೆನೆದರಂತೂ ಕರುಳು ಚುರ್ ಎನ್ನುತ್ತಿತ್ತು. ದಿನಾ ಸಂಜೆ ಫೋನ್ ಮಾಡಿ ಮೊದಲು ಮೂಲೆ ಹೇಗಿದೆ ಎಂದು ಕೇಳುವರು. ನೆನಪಾದರೆ ಆಮೇಲೆ ಗಂಡ. ಹಿಂದಿನಿಂದ ಜೋರಾಗಿ ಹಾಡು ಕೇಳುತ್ತಿರುತ್ತಿತ್ತು. ಪಾಪ, ಒಂಟಿತನ ಮರೆಯಲು ಹಾಕಿಕೊಂಡಿರಬೇಕು.

ಭಾನುವಾರ ಹೆಂಡತಿ ಅಂಗಡಿಗೆ ಹೋಗಿದ್ದಳು. ಮಾವ ಆರಾಮಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅಳಿಯ ಕರಣೆ ಹಿಡಿದು ಮೂಲೆ ಕೆದಕಿದ. ಸಿಕ್ಕಿತು! ನಲ್ಲಿಯ ಹಿಂಬದಿಯಿಂದ ಹೊರಟ ಸಣ್ಣ ಪೈಪು ಜಲ್ಲಿಯ ಕೆಳಗೆ ತೆವಳಿ ನೇರವಾಗಿ ಆ ನಾಲ್ಕು ಕಲ್ಲಿನಡಿಗೆ ತೊಟ್ಟಿಕ್ಕುತ್ತಿತ್ತು. ಅದರ ಬಾಯಿಗೆ ಹಳದಿ ಹೂವಿನ ಬಟ್ಟೆಯ ಚೂರನ್ನು ಬಿಗಿದು ಕಟ್ಟಿತ್ತು.

ಎಬ್ಬಿಸಿ ಕೇಳಿಬಿಡಲೇ ಎಂದುಕೊಂಡ. ಆದರೆ ಹಿರಿಯರನ್ನು ಕಳ್ಳ ಎಂದರೆ ಹೆಂಡತಿ ಜನ್ಮವಿಡೀ ಬಿಡುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಪೈಪು ಕಿತ್ತೆಸೆದು, ನಲ್ಲಿಯ ತೂತಿಗೆ ಬಿರಡೆ ಜಡಿದು, ಏನೂ ಅರಿಯದವನಂತೆ ಕೈ ತೊಳೆದುಕೊಂಡ. ಮಣ್ಣು ಒಣಗಿದ ಮೇಲೆ ಮಾವನ ಜೊತೆ ತಾನೇ ನಿಂತು ಕಲ್ಲು ಕೂರಿಸಿದ.

ಮೂಲೆ ಏಳಲಿಲ್ಲ. ಮುಂದಿನ ವಾರವೂ ಏಳಲಿಲ್ಲ. ರಸಮಟ್ಟದ ಗುಳ್ಳೆ ನಡುವೆ ಬಂದು ನಿಂತಾಗ ಮಾವ ಟವೆಲಿನಿಂದ ಕಣ್ಣೊರೆಸಿಕೊಂಡರು.

“ಕೈ ಇನ್ನೂ ಹೋಗಿಲ್ಲ, ಅಳಿಯಂದ್ರೇ.”

“ಎಲ್ಲಿ ಹೋಗತ್ತೆ ಮಾವ? ನಿಮ್ಮ ಕೈಚಳಕ ನನಗೆ ಗೊತ್ತಿಲ್ವಾ?”

ಹೆಂಡತಿ ನಲ್ಲಿಯ ಸುತ್ತ ಸುಳಿದಾಡಿ, ಇಲ್ಲೇನಾದರೂ ಮುಟ್ಟಿದ್ದೀರಾ ಎಂದು ಕೇಳಿದಳು. ಸೋರುತ್ತಿತ್ತು, ಸರಿಮಾಡಿದೆ ಎಂದ ಅಳಿಯ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅಪ್ಪ ಹೊರಡುತ್ತಾರಲ್ಲ, ಹೆಣ್ಣುಕರುಳು ಎಂದು ಸಮಾಧಾನ ಮಾಡಿದ.

ಮಾವ ಹಿಂದಿನ ದಿನವೇ ಅತ್ತೆಗೆ ಫೋನ್ ಮಾಡಿ ಬರುತ್ತೇನೆಂದು ತಿಳಿಸಿ, ಬೆಳಿಗ್ಗೆ ಬಸ್ಸು ಹತ್ತಿದರು. ಅಳಿಯ ಆರಾಮಕುರ್ಚಿಯನ್ನು ಹೊತ್ತು ತಂದು ಅದೇ ಮೂಲೆಯಲ್ಲಿ ಹಾಕಿದ. ಅಲುಗಲಿಲ್ಲ. ಕಾಲು ಚಾಚಿ ಕಣ್ಣು ಮುಚ್ಚಿದ. ಅಬ್ಬಾ, ನೆಮ್ಮದಿಯೆಂದರೆ ಇದು!

ಹಿತ್ತಲಿನ ಗೇಟು ಕಿರ್ರೆಂದಿತು. ಎರಡು ದೊಡ್ಡ ಸೂಟ್‌ಕೇಸು, ಒಂದು ದಿಂಬಿನೊಂದಿಗೆ ಅತ್ತೆ ನಿಂತಿದ್ದರು. ಚಿಲಕ ಮುರಿದ ಸೂಟ್‌ಕೇಸಿಗೆ ಹಳದಿ ಹೂವಿನ ಬಟ್ಟೆ ಸುತ್ತಿ ಕಟ್ಟಿತ್ತು.

“ಮಾವ ಅಲ್ಲಿಗೇ ಹೊರಟ್ರಲ್ಲಾ, ಅತ್ತೆ?” ಎಂದ ಅಳಿಯ.

“ಗೊತ್ತು. ಅದಕ್ಕೇ ಬಂದೆ.”

ಅವನನ್ನು ದಾಟಿ ಹೋಗಿ ನಲ್ಲಿಯ ಬಳಿಯ ಒಣಕಲ್ಲನ್ನು ಚಪ್ಪಲಿಯ ತುದಿಯಿಂದ ಒತ್ತಿ ನೋಡಿದ ಅತ್ತೆ, ಬಾಗಿಲಿಗೆ ಬಂದಿದ್ದ ಮಗಳ ಕಡೆ ತಿರುಗಿದರು: “ಒಂದು ಮೂಲೆ ಒದ್ದೆಯಾಗಿಡೋಕೆ ಆಗ್ಲಿಲ್ವೇನೇ ನಿನ್ನ ಕೈಲಿ?”