ಸಿಗ್ನಲ್ಲಿನಲ್ಲಿ ನಿಂತ ಮನೆಗಳು

ಹುಬ್ಬಳ್ಳಿಯನ್ನು ಹೊಸದಾಗಿ ಕಟ್ಟಿದ ಮೇಲೆ ಮನೆಗಳೆಲ್ಲ ಹಳಿಗಳ ಮೇಲೆ ಕೂತಿದ್ದವು. ವರ್ಷಕ್ಕೊಮ್ಮೆ ಅವನ್ನು ಎಳೆದೊಯ್ದು ಬೇರೆ ಬಡಾವಣೆಗೆ ಸೇರಿಸುತ್ತಿದ್ದರು. ಒಂಟಿ ಜೀವ ನೀಲವ್ವನ ಮನೆ ಹಾಗೆ ಊರಿನ ಒಂದು ತುದಿ ಸೇರಿತ್ತು. ಮೊದಲು ಪಕ್ಕದ ಮನೆಯಲ್ಲಿದ್ದ ಗೆಳತಿ ಹಜರತಬಿಯದು ಇನ್ನೊಂದು ತುದಿ. ನೀಲವ್ವ ಈಗಲೂ ಅಡುಗೆಮನೆಯ ಗೋಡೆ ತಟ್ಟಿ ಕರೆಯುತ್ತಿದ್ದಳು. ಆಚೆಯಿಂದ ಯಾರೋ ಹೊಸಬರು ಗದರುತ್ತಿದ್ದರು.

ಈ ಸಲ ಮನೆಗಳು ಸಾಗುವಾಗ ಕೆಂಪು ಸಿಗ್ನಲ್ಲು ಬಿತ್ತು. ಇಬ್ಬರ ಮನೆಗಳೂ ಹೊಸ್ತಿಲಿಗೆ ಹೊಸ್ತಿಲು ತಾಗುವಂತೆ ನಿಂತವು.

“ಎಷ್ಟ್ ಸೊರಗೀಯಲ್ಲ ನೀಲವ್ವಾ!” ಎಂದು ಹಜರತಬಿ ಕೈ ಚಾಚಿದಳು.

ಆ ಕೈ ಹಿಡಿದು ನೀಲವ್ವ ಆಚೆ ದಾಟಿದಳು. ಅಷ್ಟರಲ್ಲಿ ಹಸಿರು ದೀಪ ಹತ್ತಿತು.

“ಯವ್ವಾ, ನಿನ್ನ ಮನಿ ಹೊಂಟ್ತು, ಲಗೂ ಹತ್ತು!”

“ಹೋಗ್ಲಿ ಬಿಡು,” ಎಂದು ನೀಲವ್ವ ಒಳಗೆ ಹೋಗಿ ಕಾಲು ಚಾಚಿ ಕೂತಳು. “ಮುಂದಿನ ವರ್ಷ ಮತ್ತ ಬರ್ತೈತಿ. ನೀ ಚಾ ಇಡು.”