ಗಿರಣಿ ಗೋಡೆಯ ಹಿಂದಿನ ಕಲೆ

ಅಂಬಪ್ಪನ ಅಂಬಾಸಿಡರ್ ಕಾರು ನಿಂತ ಕಡೆಯೆಲ್ಲ ಎಣ್ಣೆ ಸುರಿಸತೊಡಗಿದ್ದು ಹೊಸ ಆಯಿಲ್ ಹಾಕಿದ ನಾಲ್ಕನೇ ದಿನಕ್ಕೆ. ಅದೂ ಅಂತಿಂಥ ಆಯಿಲ್ ಅಲ್ಲ. ಮುಂಬಯಿಯ ಗ್ಯಾರೇಜೊಂದರಲ್ಲಿ ದುಡಿಯುವ ಗೆಳೆಯ ಚಾಂದ್‌ಪಾಷಾ ಹಬ್ಬಕ್ಕೆ ಬಂದಾಗ ತಂದುಕೊಟ್ಟ ಫಾರಿನ್ ಮಾಲು. ಸಿಂಥೆಟಿಕ್ ಅಂತೆ, ಆಗ ರಾಯಚೂರಿನಲ್ಲೂ ಸಿಗುತ್ತಿರಲಿಲ್ಲ. ಮೂರು ಲಕ್ಷ ಕಿಲೋಮೀಟರ್ ಓಡಿ ಹಣ್ಣಾದ ಗಾಡಿಗೆ ಮರಳಿ ಪ್ರಾಯ ಬರುತ್ತದೆಂದು ಅಂಬಪ್ಪ ಊದುಬತ್ತಿ ಬೆಳಗಿ ಹೊಯ್ದಿದ್ದ. ಮೂರು ದಿನ ಪ್ರಾಯ ಬಂದೂ ಇತ್ತು.

“ನಾ ಬ್ಯಾಡಂದ್ರ ಕೇಳಿದ್ಯಾ?” ಸಿಂಧನೂರಿನ ಮಿಸ್ತ್ರಿ ಹುಸೇನ್‌ಸಾಬ್ ಕಾರಿನಡಿಯಿಂದ ತಲೆ ಹೊರಹಾಕಿದ. “ಹದಿನೈದು ವರ್ಷದ ಹೊಲಸು ಸಂದಿ ಸಂದ್ಯಾಗ ಕುಂತು ಗಾಡೀನ ಹಿಡಕೊಂಡಿತ್ತು. ನಿನ್ನ ಫಾರಿನ್ ಎಣ್ಣಿ ಅದನ್ನೆಲ್ಲ ತೊಳದು ಬಿಟ್ಟೈತಿ. ಈಗ ಸೀಲೆಲ್ಲ ಬಾಯಿ ತೆರದಾವ.”

“ಅದೆಲ್ಲ ಬ್ಯಾಡ. ಇವತ್ತೇ ಸೋರೋದು ಬಂದ್ ಮಾಡು.”

“ಇಂಜಿನ್ ಇಳಸಬೇಕಲೇ! ಎಂಟು ದಿನ ಗಾಡಿ ಬಿಟ್ಟು ಹೋಗು. ಇಲ್ಲಾಂದ್ರ ಸೋರಲಿ ಬಿಡು, ಮ್ಯಾಲಿಂದ ಹಾಕ್ಕೋತ ಇರು. ಸೋರೋ ಗಾಡಿ ನಿಂದೊಂದೇ ಏನು ಈ ಊರಾಗ?”

ಎಂಟು ದಿನ ಗಾಡಿ ಬಿಟ್ಟರೆ ಹೊಟ್ಟೆಗೇನು ಮಾಡುವುದು? ಅಂಬಪ್ಪ ಗೊಣಗುತ್ತ ಸ್ಟೇರಿಂಗ್ ಹಿಡಿದ. ನಿಜ ಹೇಳಬೇಕೆಂದರೆ ಅವನಿಗೆ ಸೋರುವುದರ ಚಿಂತೆ ಇರಲಿಲ್ಲ. ಎಲ್ಲಿ ಸೋರುತ್ತದೆ ಎನ್ನುವುದರ ಚಿಂತೆ ಇತ್ತು.

ಸಿಂಧನೂರಿನಿಂದ ಲಿಂಗಸುಗೂರಿಗೆ ಸೀಟಿನ ಲೆಕ್ಕದಲ್ಲಿ ಜನರನ್ನು ಒಯ್ಯುತ್ತಿದ್ದ ಅವನು ದಿನಾ ಮಸ್ಕಿಯಲ್ಲಿ ಹಿಟ್ಟಿನ ಗಿರಣಿಯ ಗೋಡೆಯ ಹಿಂದೆ ಐದು ನಿಮಿಷ ಗಾಡಿ ನಿಲ್ಲಿಸುತ್ತಿದ್ದ. ಇಂಜಿನ್ ಬಿಸಿಯಾಗಿದೆ ಎಂದು ಬಾನೆಟ್ ಎತ್ತಿಟ್ಟು, ಗೋಡೆಯ ಮೂಲೆಗೆ ಹೋಗಿ ಇಣುಕುತ್ತಿದ್ದ. ಅಲ್ಲಿಂದ ಅಕ್ಕ ಪಾರ್ವತೆಮ್ಮನ ಹಿತ್ತಲು ಕಾಣುತ್ತದೆ. ಅಕ್ಕ ಬಟ್ಟೆ ಒಣಹಾಕುವುದೋ, ಜೋಳ ಹಸನು ಮಾಡುವುದೋ ಕಣ್ಣಿಗೆ ಬಿದ್ದರೆ ಅವನ ಹೊಟ್ಟೆ ತಣ್ಣಗಾಗುತ್ತಿತ್ತು. ಗಿರಣಿಯ ಗದ್ದಲದಲ್ಲಿ ಕಾರಿನ ಸದ್ದು ಅಕ್ಕನ ಕಿವಿಗೆ ಬೀಳುತ್ತಿರಲಿಲ್ಲ.

ಅಕ್ಕ ತಮ್ಮ ಮಾತು ಬಿಟ್ಟು ಎರಡು ವರ್ಷವಾಗಿತ್ತು. ತನ್ನ ಮಗಳ ಮದುವೆಯ ದಿಬ್ಬಣಕ್ಕೆ ಅಕ್ಕ ತಮ್ಮನ ಕಾರು ಬಿಟ್ಟು ಲಿಂಗಸುಗೂರಿನ ಜೀಪು ಹಿಡಿದಿದ್ದಳು. “ಮದುಮಗಳನ್ನ ನಿನ್ನ ಡಬ್ಬ್ಯಾಗ ಕುಂದರಿಸಿ ನಡುದಾರ್ಯಾಗ ಗಾಡಿ ನೂಕಬೇಕೇನು?” ಎಂದದ್ದು ಹಂದರದಲ್ಲಿದ್ದವರಿಗೆಲ್ಲ ಕೇಳಿಸಿತ್ತು. “ಇನ್ನ ನಿನ್ನ ಮನಿ ಹೊಸ್ತಲಾ ತುಳದ್ರ ನಾ ಅಂಬಪ್ಪನೇ ಅಲ್ಲ” ಎಂದು ಅವನೂ ಎಲ್ಲರಿಗೂ ಕೇಳುವ ಹಾಗೆಯೇ ಆಣೆ ಇಟ್ಟಿದ್ದ. ಇಬ್ಬರದೂ ಒಂದೇ ಹಟ. ಒಂದೇ ತಾಯಿಯ ಹಾಲು ಕುಡಿದವರು, ಇನ್ನೇನಾಗುತ್ತದೆ?

ಈಗ ನೋಡಿದರೆ ಆ ಗೋಡೆಯ ಹಿಂದೆ ರೊಟ್ಟಿಯಗಲದ ಕರಿ ಕಲೆ. ಅಕ್ಕ ಜೋಳ ಬೀಸಿಸಲು ಬರುವ ದಾರಿಯೇ ಅದು. ಇಂಥಾ ಜಾಗದಲ್ಲಿ ದಿನಾ ನಿಲ್ಲುವ ಸೋರುಗಾಡಿ ಯಾರದೆಂದು ಕೇಳಿದರೆ ಮಸ್ಕಿಯ ಯಾರಾದರೂ ಹೇಳಿಯಾರು. ಆಮೇಲೆ ಮುಖ ಎತ್ತಿ ತಿರುಗುವುದು ಹೇಗೆ? ಅಂಬಪ್ಪ ಕಾಲಿನಿಂದ ಮಣ್ಣೆಳೆದು ಬೆಕ್ಕಿನ ಹಾಗೆ ಮುಚ್ಚಿದ. ಮರುದಿನ ಮಣ್ಣಿನ ಮೇಲೆ ಮತ್ತೊಂದು ಕಲೆ. ಅದರ ಮುಂದಿನ ಎರಡು ದಿನ ಅಲ್ಲಿ ನಿಲ್ಲಿಸದೆ ಹೊಡೆದುಕೊಂಡು ಹೋದ. ಅಕ್ಕನ ಮುಖ ಕಾಣದೆ ಲಿಂಗಸುಗೂರಿನ ಖಾನಾವಳಿಯ ಊಟ ಅವನಿಗೆ ಸೇರಲಿಲ್ಲ.

ಮೂರನೇ ದಿನ ಮಸ್ಕಿ ಹತ್ತಿರ ಬರುತ್ತಲೇ, ದಿನಾ ತರಕಾರಿ ಬುಟ್ಟಿ ಹೊತ್ತು ಬರುವ ಗೊರೇಬಾಳದ ಅಯ್ಯಮ್ಮ ಹಿಂದಿನ ಸೀಟಿನಿಂದ ಕೇಳಿದಳು: “ಯಾಕೋ ಅಂಬಪ್ಪ, ಎರಡು ದಿನ ಆತು, ಇಂಜಿನ್ ಬಿಸೀನ ಆಗವಲ್ದು?”

ಕಾರಿನಲ್ಲಿದ್ದವರೆಲ್ಲ ನಕ್ಕರು. ಅಂಬಪ್ಪ ನಗಲಿಲ್ಲ, ಆದರೆ ಅವನ ಕೈ ತಾನಾಗಿಯೇ ಗಿರಣಿಯ ಕಡೆಗೆ ಸ್ಟೇರಿಂಗ್ ತಿರುಗಿಸಿತು.

ಗೋಡೆಯ ಹಿಂದೆ, ಬರೋಬ್ಬರಿ ಆ ಕಲೆಯ ಮೇಲೆ, ಯಾರೋ ಒಂದು ಬೋಗುಣಿ ಇಟ್ಟಿದ್ದರು. ಅಂಬಪ್ಪ ಬ್ರೇಕ್ ಒತ್ತಿ ಇಳಿದು ಅದನ್ನು ಎತ್ತಿ ನೋಡಿದ. ಸ್ಟೀಲಿನದು. ತೊಳೆದು ಬೆಳಗಿದ್ದು. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅವನದೇ ಹೆಸರು. ಅಕ್ಕ ಹೊಸ ಮನೆ ಹೊಕ್ಕ ದಿನ ಅವನೇ ಕೊಟ್ಟ ಉಡುಗೊರೆ ಅದು. ಪ್ರೀತಿಯಿಂದ ಕೊಟ್ಟದ್ದನ್ನು ಹೊಲಸು ಎಣ್ಣೆ ಹಿಡಿಯಲಿಕ್ಕೆ ಹೊರಗೆ ಹಾಕಿದಳಲ್ಲ, ಅಷ್ಟು ಬೇಡವಾದೆನೇ ಅಂದುಕೊಳ್ಳುವಷ್ಟರಲ್ಲಿ ಕಣ್ಣು ಮಂಜಾದವು.

ಗಿರಣಿಯೊಳಗಿಂದ ಪಾರ್ವತೆಮ್ಮ ಹಿಟ್ಟಿನ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಕಾರಿನ ಕಿಟಕಿಗೆ ಬಂದು ಅಯ್ಯಮ್ಮನ ಮುಂದೆ ನಿಂತಳು.

“ಯವ್ವಾ, ನಿಮ್ಮ ಡ್ರೈವರಗ ಒಂದು ಮಾತು ಹೇಳು. ಎರಡು ದಿನ ಗಾಡಿ ನಿಲ್ಲಲಿಲ್ಲ, ಎಲ್ಲಿ ಉರುಳಿ ಬಿತ್ತೋ ಅಂತ ನನ್ನ ಜೀವ ಹಾರಿತ್ತು. ಬೋಗುಣಿ ಇಟ್ಟಿದ್ದು, ಸೋರಿದ್ರ ಸೋರಲಿ, ಇಲ್ಲೇ ನಿಲ್ಲಲಿ ಅಂತ. ಹೊಸ್ತಲಾ ತುಳಿಯಂಗಿಲ್ಲಂತ ಆಣಿ ಇಟ್ಟಾನಲ್ಲ, ಅವನ ಆಣಿ ಅವಗಿರಲಿ. ನಮ್ಮ ಹಿತ್ತಲ ಬಾಗಲಕ್ಕ ಹೊಸ್ತಲಾ ಇಲ್ಲ.”