ಕಲ್ಲಿನ ಮುಂದೆ ಹೇಳುವ ಹೆಸರು

ಹಿಂದಿನ ಬೆಂಚಿನಲ್ಲಿ ಕೂತಿದ್ದವನು ಆಂಬ್ರೋಸನೇ. ಹೆಸ್ಟರ್ ಕೈಯಲ್ಲಿದ್ದ ಹೂವಿನ ಗೊಂಚಲನ್ನು ಮುಖಕ್ಕೆ ಅಡ್ಡ ಹಿಡಿದಳು. ಪ್ರತಿವರ್ಷ ಇದೇ ಕಲ್ಲಿನ ಮುಂದೆ ಅವಳು ಸಾಯಿಸುತ್ತ ಬಂದಿದ್ದ ಗಂಡ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಗುಂಡುಕಲ್ಲಿನ ಹಾಗೆ ಕೂತಿದ್ದ.

ಕಲ್ಲು ನೆಡಿಸಿದವನು ಈ ಊರಿನ ಹಳೇ ಕಾಲದ ಉಣ್ಣೆ ವ್ಯಾಪಾರಿ. ಸತ್ತ ಹೆಂಡತಿಯ ನೆನಪಿಗೆ ಚರ್ಚಿನ ಪಕ್ಕ ದತ್ತಿಮನೆಗಳನ್ನು ಕಟ್ಟಿಸಿ, ಸಂಗಾತಿಯನ್ನು ಕಳೆದುಕೊಂಡ ಬಡ ಮುದುಕ ಮುದುಕಿಯರಿಗಷ್ಟೇ ಇಲ್ಲಿ ಜಾಗ ಎಂದು ಕೆತ್ತಿಸಿದ್ದ. ಅವನ ಸ್ಮರಣೆಯ ದಿನ ಇಲ್ಲಿರುವವರೆಲ್ಲ ನೀಲಿ ಮೇಲಂಗಿ ಹೊದ್ದು, ಕಲ್ಲಿನ ಮೇಲೆ ಕೈಯಿಟ್ಟು, ತೀರಿಕೊಂಡವರ ಹೆಸರು ಹೇಳಬೇಕು.

ಆಂಬ್ರೋಸ್ ಕೆಟ್ಟವನಾಗಿದ್ದರೆ ಹೆಸ್ಟರಳಿಗೆ ಇಷ್ಟು ಸಂಕಟವಿರುತ್ತಿರಲಿಲ್ಲ. ಒಂದು ದಿನವೂ ಗದರಿದವನಲ್ಲ. ಅವಳೇ ಪಿಯಾನೊ ಮಾರುವವನೊಬ್ಬನ ಮಾತಿಗೆ ಮರುಳಾಗಿ ಮನೆ ಬಿಟ್ಟಳು. ಆ ಮಹಾರಾಯ ಕೈಕೊಟ್ಟ. ಮುಪ್ಪಿನಲ್ಲಿ ತಲೆಯ ಮೇಲೊಂದು ಸೂರು ಬೇಕಾದಾಗ, ಬದುಕಿದ್ದ ಗಂಡನನ್ನು ಬಾಯಲ್ಲೇ ಮಣ್ಣು ಮಾಡಿದಳು.

"ಯಾರೇ ಅವನು?" ಪಕ್ಕದ ಮನೆಯ ಡಾರ್ಕಸ್ ಪಿಸುಗುಟ್ಟಿದಳು. "ಬೆಳಗ್ಗೆಯಿಂದ ದತ್ತಿ ಅಧ್ಯಕ್ಷರ ಕಿವಿ ಕಚ್ತಿದ್ದ. ಯಾರ ಮೇಲೋ ದೂರು ತಂದಿರ್ಬೇಕು."

"ಸುಮ್ನಿರೇ ಸಾಕು."

"ಅದ್ಯಾಕೆ ಹಾಗೆ ಬಿಳಿಚಿಕೊಂಡಿದೀಯ? ಸತ್ತ ಗಂಡ ಎದ್ದು ಬಂದನಾ?"

ಆಂಬ್ರೋಸನ ಕಣ್ಣು ಹೆಸ್ಟರಳ ಮೇಲೆ ಬಿತ್ತು. ಅವನ ಮುಖವೂ ಬಣ್ಣಗೆಟ್ಟಿತು, ಕೈ ಟೋಪಿಯನ್ನು ಹಿಂಡಿತು. ಕೋಪ, ಅಂದುಕೊಂಡಳು ಹೆಸ್ಟರ್. ಕೋಪಿಸಿಕೊಳ್ಳಲು ಅವನಿಗೆ ಹಕ್ಕಿತ್ತು. ಇನ್ನು ಅವನು ಬಾಯಿ ಬಿಡುವ ಮೊದಲೇ ತಾನು ನಿಜ ಹೇಳಿಬಿಡಬೇಕು. ಮನೆ ಹೋದರೆ ಹೋಗಲಿ. ಈ ಪಾಪವನ್ನು ಹೊತ್ತು ಮಲಗುವುದಕ್ಕಿಂತ ಬೀದಿಯೇ ವಾಸಿ. ಅವಳು ಎದ್ದು ನೇರವಾಗಿ ಕಲ್ಲಿನತ್ತ ನಡೆದಳು.

"ಸ್ವಲ್ಪ ತಡೀರಮ್ಮ," ಎಂದು ಅಧ್ಯಕ್ಷರು ಕೈ ಅಡ್ಡ ಹಿಡಿದರು. "ಪದ್ಧತಿ ಮರೆತಿರಾ? ಇವತ್ತು ಮೊದಲು ಅವರು ಮಾತಾಡ್ಬೇಕು."

ಮುಗಿಯಿತು, ಎಲ್ಲ ಮುಗಿಯಿತು. ಹೆಸ್ಟರ್ ನಿಂತಲ್ಲೇ ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಮೇಲ್ವಿಚಾರಕಿ ಮಿಸೆಸ್ ಪ್ರೌಟ್, ಆಂಬ್ರೋಸನ ಹೆಗಲ ಮೇಲೆ ದತ್ತಿಮನೆಗೆ ಹೊಸದಾಗಿ ಸೇರಿದವರಿಗೆ ಕೊಡುವ ನೀಲಿ ಮೇಲಂಗಿ ಹೊದಿಸಿ ಗುಂಡಿ ಹಾಕುತ್ತಿದ್ದಳು. ಅವನು ಕಲ್ಲಿನ ಮೇಲೆ ಕೈಯಿಟ್ಟ. ಅವಳತ್ತ ನೋಡಲಾರದೆ ತಲೆ ತಗ್ಗಿಸಿದ.

"ತೀರಿಕೊಂಡ ನನ್ನ ಹೆಂಡತಿ," ಎಂದ, "ಹೆಸ್ಟರ್."